ಎಡಗಡೆಯ ಹಿಂದಿನ ಟೈರು

ಬಾಳೂರಿನ ಬಸ್‌ಸ್ಟ್ಯಾಂಡು ದಾಟುತ್ತಿದ್ದಂತೆ ಕಾರಿನ ಎಡಗಡೆಯ ಹಿಂದಿನ ಟೈರು ಮಡ್‌ಗಾರ್ಡಿಗೆ ಉಜ್ಜತೊಡಗಿತು. ಕಾರಿನಲ್ಲಿದ್ದದ್ದು ರಾಜೀವ್ ಒಬ್ಬನೇ. ಹಾಡು ನಿಲ್ಲಿಸಿ ಕಿವಿಗೊಟ್ಟ. ಕಾಯಿ ತುರಿಯುವಂಥ ಸದ್ದು. ತಿರುವಿನಲ್ಲಿ ಜೋರು, ನೇರ ರಸ್ತೆಯಲ್ಲಿ ಮೆಲ್ಲಗೆ. ಎಸ್ಟೇಟಿನ ಶೆಡ್ಡಿನಲ್ಲಿ ನಿಲ್ಲಿಸಿ ಅವನು ಇಳಿದಾಗ ಕಾರಿನ ಬಲಮಗ್ಗುಲು ಎಂದಿನಂತೆ ತುಸು ಮೇಲೆದ್ದಿತು. ಎಡಗಡೆಯ ಹಿಂಭಾಗ ಮಾತ್ರ ಕೂತಲ್ಲೇ ಕೂತಿತ್ತು.

ಜೀಪಿನ ಹೊಟ್ಟೆಯೇ ಕಲ್ಲಿಗೆ ತಾಗುವ ಈ ರಸ್ತೆಗಳಲ್ಲಿ ದುಡ್ಡು ಕೊಟ್ಟು ಕಾರು ತಗ್ಗಿಸಿದವನು ರಾಜೀವ್ ಒಬ್ಬನೇ. ಚಿಕ್ಕಮಗಳೂರಿನಲ್ಲಿ ಬರುವ ಭಾನುವಾರ ಬೆಟ್ಟ ಹತ್ತುವ ರೇಸು. ಅದಕ್ಕೆಂದೇ ಮೂಡಿಗೆರೆಯ ಮೆಕ್ಯಾನಿಕ್ ಕಲ್ಲೇಶ್ ಆ ಎರಡು ಬಾಗಿಲಿನ ಕೆಂಪು ಕಾರಿನ ಸ್ಪ್ರಿಂಗುಗಳನ್ನು ಒಂದೊಂದು ಸುತ್ತು ಕತ್ತರಿಸಿ ಕೊಟ್ಟಿದ್ದ. 'ನೀವೊಬ್ರೇ ಆದ್ರೆ ಏನೂ ತೊಂದ್ರೆ ಇಲ್ಲ ಸಾರ್. ಹಿಂದೆ ಯಾರನ್ನೂ ಕೂರಿಸ್ಬೇಡಿ, ಉಜ್ಜುತ್ತೆ' ಎಂದೂ ಹೇಳಿದ್ದ.

ಈಗ ಮೂಡಿಗೆರೆಯ ತನ್ನ ಶೆಡ್ಡಿನಲ್ಲಿ ಕಲ್ಲೇಶ್ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ನೋಡಿದ. "ಬಲಗಡೆ ಎರಡು ಬೆರಳು ಹೋಗುತ್ತೆ, ಎಡಗಡೆ ಒಂದೂ ಹೋಗಲ್ಲ. ಹಿಂದೆ ಮೂಟೆ ಗೀಟೆ ಇಟ್ಟಿದ್ದೀರಾ?"

"ಏನೂ ಇಲ್ಲ ಮಾರಾಯ, ನೀನೇ ನೋಡು."

ಕಲ್ಲೇಶ್ ನೋಡಿದ. ಮಡ್‌ಗಾರ್ಡಿನ ಒಳ ಅಂಚನ್ನು ಸುತ್ತಿಗೆಯಿಂದ ಬಡಿದು ಮಡಚಿದ. ಎಡದ ಸ್ಪ್ರಿಂಗು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ. ಜಾಕ್ ಇಳಿಸಿದೊಡನೆ ಎಡಗಡೆಯೇ ಮತ್ತೆ ಕುಸಿಯಿತು. ಅವನು ಕೈ ಒರೆಸಿಕೊಳ್ಳುತ್ತ ಖಾಲಿ ಸೀಟನ್ನೇ ಸ್ವಲ್ಪ ಹೊತ್ತು ನೋಡಿದ. "ಒಂದಾಳಿನ ತೂಕ ಸಾರ್. ಸಣ್ಣ ಆಳು. ಟೈರು ಸವೆದು ಒಳಗಿನ ದಾರ ಕಾಣ್ತಿದೆ, ಹೊಸದು ಹಾಕಿದ್ರೂ ಹೀಗೇ ತಿನ್ನುತ್ತೆ. ಭಾನುವಾರ ತಿರುವಲ್ಲಿ ಸಿಡಿದ್ರೆ ನೀವು ಉಳಿಯಲ್ಲ. ಇನ್ನು ಇದನ್ನ ನನ್ನ ಶೆಡ್ಡಿಗೆ ಮಾತ್ರ ತರ್ಬೇಡಿ."

ಆಳು ಯಾರೆಂದು ರಾಜೀವನಿಗೆ ಗೊತ್ತಿತ್ತು. ಈ ಬೆಟ್ಟಗಳಲ್ಲಿ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ದಾರಿಯಲ್ಲಿ ಕೈ ತೋರಿಸಿದವರನ್ನು ಬಿಟ್ಟು ಹೋಗುವ ಪದ್ಧತಿಯಿಲ್ಲ. ಬೇಲಿಯ ವ್ಯಾಜ್ಯ ನಡೆಸುತ್ತಿರುವವನ ಜೀಪೂ ನಿಲ್ಲುತ್ತದೆ, 'ಎಲ್ಲಿಗೆ?' ಎಂದು ಕೇಳಿ ಹತ್ತಿಸಿಕೊಳ್ಳುತ್ತದೆ. ಇಬ್ಬರೂ ಒಟ್ಟಿಗೇ ಕೋರ್ಟಿಗೆ ಹೋದದ್ದುಂಟು. ಕಳೆದ ವಾರ, ಚಳಿ ಇಳಿಯುತ್ತಿದ್ದ ಸಂಜೆ, ಬಾಳೂರಿನ ಜವಳಿ ಅಂಗಡಿಯ ಮುದುಕಿ ಸಿದ್ದಗಂಗಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕೈ ತೋರಿಸಿದಾಗ ರಾಜೀವನ ಕಾಲೂ ತಾನಾಗಿಯೇ ಬ್ರೇಕಿಗೆ ಹೋಗಿತ್ತು. ಮುಂದಿನ ಸೀಟಿನಲ್ಲಿ ಹೊಸ ಸ್ಪೀಕರಿನ ಪೆಟ್ಟಿಗೆಯಿತ್ತು. ಗಾಜು ಇಳಿಸಿ, "ಹಿಂದೆ ಕೂತ್ರೆ ಟೈರ್ ಉಜ್ಜುತ್ತೆ ಅಜ್ಜಿ" ಎಂದ.

"ನಂದೇನು ಮಹಾ ಭಾರ ಮಗಾ?" ಎಂದಳು ಮುದುಕಿ. ಅಷ್ಟರಲ್ಲಿ ಅವನು ಹೊರಟಾಗಿತ್ತು.

ಮರುದಿನ ಬೆಳಿಗ್ಗೆ ನೋಡಿದವರು, ಮಡಿಲಲ್ಲಿ ಚೀಲವಿಟ್ಟುಕೊಂಡು ಕೂತೇ ಇದ್ದಳು, ನಿದ್ದೆ ಅಂದುಕೊಂಡೆವು ಎಂದರು. ಮಗಳ ಮನೆ ಮೂಡಿಗೆರೆಯಲ್ಲಿ, ತಂಗಿಯ ಮನೆ ಘಾಟಿಯ ಕೆಳಗೆ ಉಜಿರೆಯಲ್ಲಿ. ಬರುತ್ತೇನೆಂದು ಇಬ್ಬರಿಗೂ ಹೇಳಿರಲಿಲ್ಲ. ಎಲ್ಲಿಗೆ ಹೊರಟಿದ್ದಳೆಂದು ಮಣ್ಣು ಮಾಡಲು ಬಂದವರು ತಮ್ಮತಮ್ಮಲ್ಲೇ ಚರ್ಚಿಸಿ, ತೀರ್ಮಾನಕ್ಕೆ ಬಾರದೆ ಮನೆಗೆ ಹೋದರು.

ಶುಕ್ರವಾರ ರಾಜೀವನ ಸೋದರತ್ತೆ ರುಕ್ಮಿಣಮ್ಮ ಕೊಟ್ಟಿಗೆಹಾರದ ತನಕ ಬರುತ್ತೇನೆಂದು ಹೊರಟರು. "ಇದೇನೋ ಮಾರಾಯ, ನಿನ್ನ ಕಾರು ಹತ್ತೋದಲ್ಲ, ಬಾವಿಗೆ ಇಳಿದ ಹಾಗೆ ಇಳಿಯೋದು" ಎನ್ನುತ್ತ ಮುಂದಿನ ಸೀಟಿನಲ್ಲಿ ಕೂತರು. ಗೇಟು ದಾಟುವ ಮೊದಲೇ ಬೆನ್ನ ಹಿಂದೆ ತುರಿಯುವ ಸದ್ದು ಶುರುವಾಯಿತು.

"ಏನದು?"

"ಟೈರು ಅತ್ತೆ. ಕಾರು ತಗ್ಗಿಸಿದೆನಲ್ಲ."

ಒಂದೆರಡು ತಿರುವು ಕಳೆಯಿತು. "ಸಿದ್ದಗಂಗಮ್ಮ ಹೋದ ದಿನ ಸಂಜೆ ಅಲ್ಲೊಂದು ಕೆಂಪು ಕಾರು ನಿಂತು ಹೋಯ್ತು ಅಂತ ನಮ್ಮ ತೋಟದ ಲೆಕ್ಕ ಬರೆಯೋ ರೈಟರ್ ಹೇಳ್ತಿದ್ದ. ಈ ಕಡೆ ಕೆಂಪು ಕಾರು ಬೇರೆ ಯಾರದ್ದಾದ್ರೂ ಇದೆಯೇನೋ?"

ರಾಜೀವ್ ಬೇಕಿಲ್ಲದಿದ್ದರೂ ಗೇರ್ ಬದಲಿಸಿದ. "ಇಲ್ಲ ಅತ್ತೆ."

"ಹ್ಞೂಂ" ಎಂದ ರುಕ್ಮಿಣಮ್ಮ ಕತ್ತು ಹೊರಳಿಸಿ, ಬಸ್ಸಿನಲ್ಲಿ ಪಕ್ಕದವರಿಗೆ ಹೇಳುವಂತೆ ಹೇಳಿದರು: "ಸಿದ್ದಗಂಗಮ್ಮನವ್ರೇ, ಸ್ವಲ್ಪ ನಡುವಿಗೆ ಸರ್ಕೊಳ್ಳಿ. ಹುಡುಗನ ಟೈರು ಹಾಳಾಗ್ತದೆ."

ಹಿಂದಿನ ಸೀಟಿನ ರೆಕ್ಸಿನ್ ಕಿರುಗುಟ್ಟಿತು. ಉಜ್ಜುವ ಸದ್ದು ನಿಂತಿತು. ಕೊಟ್ಟಿಗೆಹಾರ ಬರುವವರೆಗೂ ರಾಜೀವ್ ಕನ್ನಡಿ ನೋಡಲಿಲ್ಲ.

ಮೂರು ರಸ್ತೆ ಕೂಡುವಲ್ಲಿ ಕಾರು ನಿಲ್ಲಿಸಲು ಹೇಳಿ ರುಕ್ಮಿಣಮ್ಮ ಇಳಿದರು. ಎರಡೇ ಬಾಗಿಲಿನ ಕಾರು. ಮುಂದಿನವರು ಎದ್ದು ಸೀಟು ಬಗ್ಗಿಸದೆ ಹಿಂದಿನವರು ಇಳಿಯುವಂತಿಲ್ಲ. ಅವರು ಸೀಟು ಬಗ್ಗಿಸಿ, ಬಾಗಿಲು ಹಿಡಿದು, ದಾರಿ ಬಿಟ್ಟು ಪಕ್ಕಕ್ಕೆ ನಿಂತರು. "ಇಳೀರಿ, ಕೊಟ್ಟಿಗೆಹಾರ ಬಂತು." ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರು ಲೋಟ ಹಿಡಿದೇ ನೋಡುತ್ತಿದ್ದರು. ಕಾರಿನ ಹಿಂಭಾಗ ಮೇಲೇಳಲಿಲ್ಲ.

ರುಕ್ಮಿಣಮ್ಮ ಬಗ್ಗಿ ಟೈರು ನೋಡಿದರು. "ಇವ್ರು ಇಳಿಯೋದು ಇಲ್ಲಿ ಅಲ್ಲ ಅಂತ ಕಾಣ್ತದೆ. ಅವತ್ತು ಎಲ್ಲಿಗೆ ಅಂತ ಕೇಳಿದ್ಯೇನೋ?"

ರಾಜೀವ್ ಮೂಡಿಗೆರೆಯ ರಸ್ತೆ ನೋಡಿದ. ಘಾಟಿಗೆ ಇಳಿಯುವ ರಸ್ತೆ ನೋಡಿದ. "ಕೇಳಿಲ್ಲ ಅತ್ತೆ."

ರುಕ್ಮಿಣಮ್ಮ ತಾವು ಬಗ್ಗಿಸಿದ್ದ ಸೀಟನ್ನು ಮತ್ತೆ ಹಿಂದಕ್ಕೆ ಒರಗಿಸಿದರು; ಮೆಲ್ಲಗೆ, ಕೂತವರ ಮೊಣಕಾಲಿಗೆ ತಾಗದ ಹಾಗೆ.