ಕೇಳಲು ಪರವಾನಗಿ ಇಲ್ಲ

ಚಹಾ ಕುದಿಯುವಷ್ಟರಲ್ಲಿ ಮಾದೇವಿ ದಿನದಂತೆ ಶಂಖವನ್ನು ಕಿವಿಗೆ ಹಿಡಿದಳು. ಮೀನುಗಾರ ಹರಿಕಂತ್ರರ ಕೇರಿಯಲ್ಲಿ ಸತ್ತವರ ದನಿ ಶಂಖಗಳಲ್ಲಿ ಉಳಿಯುತ್ತಿತ್ತು. ಆದರೆ ಒಂದು ಶಂಖದಲ್ಲಿ ಒಂದೇ ಮಾತು. ಅದರ ಬಾಯಲ್ಲಿ ಯಾರಾದರೂ ಹೊಸದಾಗಿ ಏನಾದರೂ ಆಡಿದರೆ ಹಳೆಯದು ಅಳಿದುಹೋಗುತ್ತಿತ್ತು. ದೋಣಿ ಮುಳುಗಿ ಸತ್ತ ಅವಳ ಗಂಡ ಬುದವಂತ ಇದರೊಳಗೆ ಇನ್ನೂ ಗದರುತ್ತಿದ್ದ: "ಇವತ್ತೂ ಸಾರಿಗೆ ಉಪ್ಪು ಹಾಕ್ಲಿಲ್ವೇನೇ?"

ಬಾಗಿಲಲ್ಲಿ ಅರಣ್ಯ ಇಲಾಖೆಯ ಗಾರ್ಡ್ ನಿಂತಿದ್ದ.

"ರಕ್ಷಿತ ಜೀವಿಯ ಚಿಪ್ಪು, ಅಮ್ಮಾ. ಕೊಡಿ."

"ನನ್ನ ಹತ್ರ ಪರವಾನಗಿ ಉಂಟು, ತಮಾ."

"ಅದು ಇಟ್ಕೊಳ್ಳೋಕೆ ಮಾತ್ರ. ಕೇಳಿದ್ರೆ ಬಳಸಿದ ಹಾಗೆ. ನಾನೇ ಕಣ್ಣಾರೆ ನೋಡ್ದೆ."

"ತಗೊಂಡು ಹೋಗಿ ಏನು ಮಾಡ್ತೀರಿ?"

ಅವನು ಮುಖ ತಪ್ಪಿಸಿದ. "ಹರಾಜು. ರೆಸಾರ್ಟಿನವರು ಕೊಳ್ತಾರೆ. ಅವರಿಗೆ ಕೇಳಿಸೋ ಲೈಸೆನ್ಸ್ ಉಂಟು."

ಊಟದ ಮೇಜಿನ ಸುತ್ತ ಕೂತ ಪ್ರವಾಸಿಗರು ಬುದವಂತನ ಮಾತು ಕೇಳಿ ನಗುವುದು ಮಾದೇವಿಯ ಕಣ್ಣಿಗೆ ಕಟ್ಟಿತು. ಅವಳ ಮೈ ಉರಿದುಹೋಯಿತು. ಶಂಖವನ್ನು ಇನ್ನೊಮ್ಮೆ ಕಿವಿಗೆ ಹಿಡಿದಳು. ಗಾರ್ಡ್ ತಡೆಯಲಿಲ್ಲ. ಆಮೇಲೆ ಅದನ್ನು ಬಾಯಿಗೆ ತಂದು, ಕೇರಿಯೆಲ್ಲ ಬೆಚ್ಚಿಬೀಳುವಂತೆ ಕೂಗಿದಳು:

"ಬದುಕಿದ್ದಾಗ ನಮ್ಮ ಸಮುದ್ರ ಕಿತ್ಕೊಂಡ್ರಿ! ಸತ್ತವರ ಬಾಯಿಯೂ ಬೇಕಾ, ಬಾಡ್ಕೊಗಳಾ!"

ಶಂಖವನ್ನು ಗಾರ್ಡನ ಎದೆಗೆ ಒತ್ತಿದಳು.

"ತಗೊಂಡು ಹೋಗು. ನಮ್ಮನೆಯವರು ಇನ್ನು ಇದರಲ್ಲಿಲ್ಲ. ನಾನಿದ್ದೇನೆ. ಊಟಕ್ಕೆ ಕೂತವರಿಗೆ ಕೇಳಿಸು."