ಗಂಗಕ್ಕನ ಹಪ್ಪಳ

ಒಣಮೆಣಸಿನಕಾಯಿ ಸುಟ್ಟ ಘಾಟು ಮೂಗಿಗೆ ಬಡಿದರೆ ಈಗಲೂ ನನ್ನ ಕಾಲಡಿ ಹಪ್ಪಳಗಳು ಪುಡಿಯಾಗುತ್ತವೆ.

ಸಿರುಗುಪ್ಪದ ಹಿತ್ತಲಲ್ಲಿ ಆ ಮಧ್ಯಾಹ್ನ ನನ್ನ ಕೆಂಪು ಕೋಳಿ ಗೊರಗೊರ ಉಸಿರಾಡುತ್ತಿತ್ತು. ಪಕ್ಕದ ಮನೆಯ ಗಂಗಕ್ಕ ಗೋಡೆಯಾಚೆಯಿಂದ ಇಣುಕಿ, "ಅದನ್ನ ಗಾಳಿ ಆಡೋ ಕಡಿ ಬಿಡ್ರಿ," ಎಂದು ಹೋದಳು.

"ಅಕಿ ಕಣ್ಣೇ ತಾಗೈತಿ," ಎಂದು ಅಜ್ಜಿ ಹಲ್ಲು ಕಡಿದಳು. ಕೋಳಿಯ ಮೇಲೆ ಬುಟ್ಟಿ ಮುಚ್ಚಿ, ಪಕ್ಕದಲ್ಲೇ ಕೆಂಡಕ್ಕೆ ಮೆಣಸಿನಕಾಯಿ ಹಾಕಿ ದೃಷ್ಟಿ ತೆಗೆದಳು. ಆಮೇಲೆ ಗಾಳಿ ಬೀಸುವ ಬಾಗಿಲಲ್ಲಿ ನಿಂತು, "ಘಾಟೇ ಬರವಲ್ದು ನೋಡು, ದಿಟ್ಟಿ ಭಾಳ ಐತಿ," ಎಂದಳು. ಹೊಗೆ ತುಂಬಿದ ಬುಟ್ಟಿಯ ಸಂದಿಯಲ್ಲಿ ಕೋಳಿ ಕೊಕ್ಕು ತೆರೆದು ಏದುತ್ತಿತ್ತು. ಸ್ವಲ್ಪ ಹೊತ್ತಿಗೆ ಸತ್ತಿತು.

ನಾನು ಗೋಡೆ ಹಾರಿ, ಗಂಗಕ್ಕ ಒಣಹಾಕಿದ್ದ ಹಪ್ಪಳಗಳನ್ನು ಒಂದೂ ಬಿಡದೆ ತುಳಿದೆ. ಆ ಚಟಚಟ ಸದ್ದು ಎಷ್ಟು ಹಿತವಾಗಿತ್ತು. ಅವಳು ಹೊರಗೆ ಬಂದು, ಹಪ್ಪಳ ಬಿಟ್ಟು ನನ್ನ ಮುಖ ನೋಡಿ ಕೇಳಿದಳು:

"ಕೋಳಿಗೆ ಉಸ್ರು ಸರಾಗ ಆತೇನವ್ವಾ?"