ಮುನಿಸಿಕೊಂಡು ಹೋದ ಮನೆ

2061ನೇ ಇಸವಿ ಡಿಸೆಂಬರ್ 12, ಸಂಜೆ ಐದು ಗಂಟೆ ನಲವತ್ತು ನಿಮಿಷ. ಗದಗಿನ ಬಸ್ ನಿಲ್ದಾಣದ ಬೇವಿನ ಮರದಡಿ ಮನೆಗಣತಿಗೆ ಬಂದಿದ್ದ ಪ್ರೇಮಲೀಲಾ ದಿನದ ಕೊನೆಯ ನಮೂನೆ ತೆರೆದಳು. ಎದುರಿಗೆ ಚಾಪೆಯ ಮೇಲೆ ಮುದುಕಿ ಬಸಲಿಂಗವ್ವ ಕೂತಿದ್ದಳು. ಎರಡಂತಸ್ತಿನ ಮನೆಯೊಂದು ಬಸ್ಸಿಗೆ ದಾರಿ ಬಿಟ್ಟು ಪಕ್ಕದಲ್ಲಿ ನಡೆದುಹೋಯಿತು.

“ಅಮ್ಮಾರ, ನಿಮ್ಮ ಮನಿ ಎದ್ದು ಹೋಗಿ ಇವತ್ತಿಗೆ ಮೂವತ್ತು ದಿನ. ಆರರೊಳಗ ಬರಲಿಲ್ಲಂದ್ರ ನಿಮ್ಮನ್ನ ಮನಿ ಇಲ್ಲದವರ ಪಟ್ಟಿಗೆ ಬರೀತೀನಿ. ಆಮ್ಯಾಲೆ ಬಂದ್ರ ಅದು ನಗರಸಭೆದು.”

“ಬರ್ತೈತಿ ತಗೋ. ದೀಪಾವಳಿಗೆ ಸುಣ್ಣ ಹಚ್ಚಲಿಲ್ಲಂತ ಸಿಟ್ಟು ಮಾಡೈತಿ. ತವರಿಗೆ ಹೋದ ಸೊಸಿ ಇದ್ದಂಗ.”

ಐದು ಐವತ್ತೆರಡಕ್ಕೆ ಬಸಲಿಂಗವ್ವನ ಹೆಂಚಿನ ಮನೆ ನಿಜಕ್ಕೂ ಬಂತು. ಆದರೆ ದೂರದಲ್ಲೇ ನಿಂತು ಮುಂಬಾಗಿಲನ್ನು ಅತ್ತ ತಿರುಗಿಸಿಕೊಂಡಿತು. ಪ್ರೇಮಲೀಲಾ ಚಾಪೆಯಿಂದ ಅದರವರೆಗೆ ಟೇಪು ಹಿಡಿದಳು.

“ಹನ್ನೊಂದು ಮೀಟರ್. ನಿಮಗೂ ಅದಕ್ಕೂ ನಡುವ ಹತ್ತು ಮೀಟರಿಗಿಂತ ಕಡಿಮಿ ಇದ್ರಷ್ಟ ಬಂದಂಗ. ಕರೀರಿ.”

“ನಾ ಯಾಕ ಕರೀಲಿ? ಬಿಟ್ಟು ಹೋಗಿದ್ದು ಅದು!”

ಮನೆ ಕಿಟಕಿಯೊಂದನ್ನು ದಢಾರನೆ ಮುಚ್ಚಿತು.

“ಹಂಗಾದ್ರ ನೀವ ಸರೀರಿ. ಮನಿನ ಬರಬೇಕಂತ ನಿಯಮದಾಗ ಇಲ್ಲ.”

ಬಸಲಿಂಗವ್ವ ಅಲುಗಾಡಲಿಲ್ಲ. ಪ್ರೇಮಲೀಲಾ ಪೆನ್ನಿನ ಮುಚ್ಚಳ ತೆಗೆದಳು. ಆರಕ್ಕೆ ಒಂದು ನಿಮಿಷವಿರುವಾಗ ಮುದುಕಿ ಎದ್ದಳು.

“ಇಲ್ಲಿ ಇರುವಿ ಬಾಳ ಅದಾವು,” ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿ, ಚಾಪೆಯನ್ನು ಮನೆಯತ್ತ ಎಳೆದುಕೊಂಡು, ಅದಕ್ಕೆ ಬೆನ್ನು ಹಾಕಿ ಕೂತಳು.

ಪ್ರೇಮಲೀಲಾ ಮತ್ತೆ ಅಳೆದು ನಮೂನೆಯಲ್ಲಿ ಬರೆದಳು: ಒಂಬತ್ತು ಮೀಟರ್ ಎಂಬತ್ತು ಸೆಂಟಿಮೀಟರ್.